ಕಾಜಾ ಅತ್ತೆ ನುಂಗದ ಮಾತ್ರೆ

ನಮ್ಮ ಅತ್ತೆಯನ್ನು ಹಠಮಾರಿ ಎಂದು ಯಾರಾದರೂ ಕರೆದರೆ ಈಗ ನಾನು ಸುಮ್ಮನಿರುವುದಿಲ್ಲ. ಮೊದಲು ನಾನೂ ಕರೆಯುತ್ತಿದ್ದೆ, ಒಪ್ಪುತ್ತೇನೆ. ಆದರೆ ತನ್ನ ಬಾಯಿಗೆ ಹೋಗುವುದು ಏನು ಎಂದು ಕೇಳಿದ ಒಂದೇ ತಪ್ಪಿಗೆ ಡಾಕ್ಟರು, ಅಂಗಡಿಯವರು, ಹೊಲಿಗೆ ಮಾಸ್ಟರು, ಸಾಕಿದ ಮಕ್ಕಳು ಎಲ್ಲರೂ ಸೇರಿ ಅವಳನ್ನು ತಲೆಕೆಟ್ಟವಳ ಹಾಗೆ ನೋಡಿದೆವಲ್ಲ, ಅದನ್ನು ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. ನೆಟ್ಟಗೆ ಉತ್ತರ ಹೇಳಲು ಒಬ್ಬರಿಗೂ ಪುರುಸೊತ್ತು ಇರಲಿಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ. ಗಂಡ ಬಡಗಿ, ಮದುವೆಯಾಗಿ ಹನ್ನೆರಡು ವರ್ಷಕ್ಕೆ ತೀರಿಕೊಂಡ. ಮಕ್ಕಳಿರಲಿಲ್ಲ. ನಮ್ಮಮ್ಮ ಹೋದಾಗ ನನಗೆ ಆರು, ಅಣ್ಣನಿಗೆ ಒಂಬತ್ತು. ಅತ್ತೆ ಒಂದು ಬಟ್ಟೆಗಂಟು, ಒಂದು ಸೂಜಿ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಅಪ್ಪನೂ ಹೋದ ಮೇಲೆ ಮನೆಯಲ್ಲಿ ಉಳಿದವರು ನಾವು ಮೂವರೇ.

ಪೇಟೆಯಲ್ಲಿ ಕೋಟು ಹೊಲಿಯುವ ಅಂಗಡಿಯಲ್ಲಿ ಅವಳಿಗೆ ಕಾಜಾ ಕೆಲಸ. ಕೋಟಿನ ಅಂಚಿನಲ್ಲಿ ಗುಂಡಿ ತೂರಿಸುವ ಕಿಂಡಿ ಕತ್ತರಿಸಿ, ಅದರ ಬಾಯಿಯ ಸುತ್ತ ಕೈಯಿಂದ ದಾರ ಹೆಣೆಯುವುದು. ಅದಕ್ಕೆ ಯಂತ್ರ ಬಂದು ಎಷ್ಟೋ ಕಾಲವಾಯಿತು. ಆದರೂ ಒಳ್ಳೆಯ ಕೋಟು ಹೊಲಿಸುವವರು ಕೈ ಕಾಜಾನೇ ಬೇಕು ಎನ್ನುತ್ತಿದ್ದರು, ಮಾಸ್ಟರು ಆ ಕೋಟನ್ನು ತಂದು ಅತ್ತೆಯ ಮಡಿಲಿಗೆ ಹಾಕುತ್ತಿದ್ದರು. ಒಂದು ಕಾಜಾ ಮುಗಿದ ಕೂಡಲೇ ಅವಳು ಕಣ್ಣು ಮುಚ್ಚಿ ತೋರುಬೆರಳನ್ನು ಅದರ ಸುತ್ತ ಒಂದು ಸಲ ಓಡಿಸುವಳು. ಎಲ್ಲಾದರೂ ಬೆರಳು ಎಡವಿದರೆ ಪೂರ್ತಿ ಬಿಚ್ಚಿ, ಮತ್ತೆ ಮೊದಲಿನಿಂದ ಶುರು. "ಕಣ್ಣಿಗೆ ಮಂಕು ಕವಿಯುತ್ತೆ ಕಣೇ, ಬೆರಳಿಗೆ ಕವಿಯಲ್ಲ" ಎನ್ನುತ್ತಿದ್ದಳು. ಮೂವತ್ತೆಂಟು ವರ್ಷ ಹೀಗೇ ಕೂತು ಹೊಲಿದಿದ್ದಕ್ಕೆ ಬೀದಿಯವರೆಲ್ಲ ಅವಳನ್ನು ಕಾಜಾ ಅತ್ತೆ ಎಂದೇ ಕರೆಯುವುದು.

ನಮ್ಮದು ಎಲ್ಲ ತಿನ್ನುವ ಮನೆ. ಅತ್ತೆಯೊಬ್ಬಳು ಇಪ್ಪತ್ತು ತುಂಬುವ ಮೊದಲೇ ಮಾಂಸ, ಮೀನು, ಮೊಟ್ಟೆ ಮೂರನ್ನೂ ಬಿಟ್ಟಿದ್ದಳು. ಯಾಕೆ ಬಿಟ್ಟೆ ಎಂದು ಕೇಳಿದರೆ "ನಿಮಗೆ ಒಂದು ತುಂಡು ಜಾಸ್ತಿ ಸಿಗಲಿ ಅಂತ" ಎಂದು ನಗುತ್ತಿದ್ದಳು. ನಿಜವಾದ ಕಾರಣ ನನಗೆ ಇವತ್ತಿಗೂ ಗೊತ್ತಿಲ್ಲ. ನಮಗೆ ಮಾತ್ರ ವಾರಕ್ಕೆರಡು ಸಲ ಮಾಂಸ ಬೇಯಿಸಿ ಬಡಿಸುತ್ತಿದ್ದಳು, ಕುದಿಯುವಾಗ ಸೌಟು ನನ್ನ ಮುಂದೆ ಹಿಡಿದು "ಉಪ್ಪು ನೋಡೇ" ಎನ್ನುತ್ತಿದ್ದಳು. ತಿನ್ನಬೇಡಿ ಎಂದು ಒಂದು ದಿನವೂ ಬುದ್ಧಿ ಹೇಳಲಿಲ್ಲ. ತನ್ನ ಪಾಡಿಗೆ ತಾನು ತನ್ನ ತಟ್ಟೆಯಲ್ಲಿರುವುದನ್ನು ತಿಂದು ಏಳುತ್ತಿದ್ದಳು, ಅಷ್ಟೇ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಮಾಸ್ಟರು ನನ್ನ ಕೆಲಸದ ಜಾಗಕ್ಕೇ ಫೋನ್ ಮಾಡಿದರು. ತಿಳಿಬಣ್ಣದ ಕೋಟಿನ ಮೇಲೆಲ್ಲ ರಕ್ತದ ಕಲೆ. ಸೂಜಿ ತೋರುಬೆರಳಿನ ಒಳಕ್ಕೆ ಹೋಗಿ ಕೂತಿದೆ, ಅತ್ತೆಗೆ ಗೊತ್ತೇ ಆಗಿಲ್ಲ! ಪಕ್ಕದಲ್ಲಿ ಕೂತವಳು ಕಿರುಚಿಕೊಂಡ ಮೇಲೆ ಕೈ ನೋಡಿಕೊಂಡಳಂತೆ. ಬೆರಳ ತುದಿ ಜೋಮು ಹಿಡಿದ ಹಾಗಿದ್ದು ಎಷ್ಟೋ ತಿಂಗಳಾಗಿತ್ತು, ವಯಸ್ಸಾಯ್ತು ಎಂದುಕೊಂಡು ಅವಳು ಯಾರಿಗೂ ಹೇಳಿರಲಿಲ್ಲ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಬಿ ಟ್ವೆಲ್ವ್ ಎಂಬ ವಿಟಮಿನ್ ತಳ ಕಂಡಿದೆ ಎಂದರು. ಮಾಂಸ ಮೊಟ್ಟೆ ಬಿಟ್ಟವರಿಗೆ, ಅದರಲ್ಲೂ ಹಾಲು ಮೊಸರೂ ಅಷ್ಟಕ್ಕಷ್ಟೇ ಎನ್ನುವ ಅತ್ತೆಯಂಥವರಿಗೆ, ಇದು ಬರುವುದು ಸಹಜವಂತೆ. ಅದಿಲ್ಲದೆ ನರ ಸೊರಗುತ್ತದೆ. ವಾರಕ್ಕೊಂದರಂತೆ ಆರು ಇಂಜೆಕ್ಷನ್ ಕೊಟ್ಟರು, ಬೆರಳಿಗೆ ಚುರುಚುರು ಎಂದು ಸ್ವಲ್ಪ ಜೀವ ಬಂತು. ಇನ್ನು ಮೇಲೆ ದಿನಾ ಒಂದು ಕ್ಯಾಪ್ಸೂಲ್ ಎಂದು ಚೀಟಿ ಬರೆದರು. "ನಿಲ್ಲಿಸಬಾರದು. ಈಗ ನಿಲ್ಲಿಸಿದರೆ ಹೋದ ಸ್ಪರ್ಶ ಮತ್ತೆ ಬರೋದು ಕಷ್ಟ" ಎಂದು ನನ್ನ ಮುಖ ನೋಡಿ ಹೇಳಿದರು. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಆ ಬೆರಳು ಹೋದರೆ ಅತ್ತೆಯ ಕೆಲಸ ಹೋಗುತ್ತದೆ, ಕೆಲಸ ಹೋದರೆ ಅತ್ತೆ ಏನಾಗುತ್ತಾಳೋ ಯೋಚಿಸಲೂ ನನಗೆ ಧೈರ್ಯವಿರಲಿಲ್ಲ.

ಮನೆಗೆ ಬಂದು ಮೊದಲನೆಯ ಕ್ಯಾಪ್ಸೂಲ್ ಕೈಗೆ ಕೊಟ್ಟೆ. ಕೈ ತೊಳೆದು ಬಂದಿದ್ದಳು, ಒದ್ದೆ ಬೆರಳಿಗೆ ಅದು ಅಂಟಿಕೊಂಡಿತು. ಬಿಡಿಸಿ, ಮೂಸಿ ನೋಡಿದಳು.

"ಇದು ಅಂಟು ಕಣೇ. ನಿನ್ನ ಮಾವ ಕುರ್ಚಿ ಕಾಲಿಗೆ ಹಚ್ತಿದ್ದ ಅಂಟು. ಚರ್ಮ ಮೂಳೆ ಬೇಯಿಸಿ ಮಾಡೋದು. ಹನ್ನೆರಡು ವರ್ಷ ನಾನೇ ಒಲೆ ಮೇಲಿಟ್ಟು ಕಾಯಿಸಿ ಕೊಟ್ಟಿದೀನಿ, ಈ ವಾಸನೆ ನನಗೆ ಗೊತ್ತಿಲ್ವಾ?"

ನಾನು ನಕ್ಕೆ. ನಕ್ಕಿದ್ದು ತಪ್ಪು, ಅವಳು ಹೇಳಿದ್ದು ಸರಿ. ಆ ಚಿಪ್ಪು ಜೆಲಾಟಿನ್‌ನದು, ಜೆಲಾಟಿನ್ ಎಂದರೆ ಅದೇ ಅಂಟನ್ನು ಶುದ್ಧ ಮಾಡಿದ್ದು, ಅಷ್ಟೇ. ಓದು ಬರಹ ಬಾರದ ಹೆಂಗಸು ಮೂಗಿನಲ್ಲಿ ಕಂಡುಹಿಡಿದದ್ದನ್ನು ಓದಿದ ನಾನು ಕಣ್ಣಿದ್ದೂ ಕಂಡಿರಲಿಲ್ಲ.

ಮಾರನೇ ದಿನ ಅವಳನ್ನು ಕರೆದುಕೊಂಡು ನಮ್ಮ ಬೀದಿ ಕೊನೆಯ ಔಷಧಿ ಅಂಗಡಿಗೆ ಹೋದೆ. ಮಾಂಸದ ಸೋಂಕಿಲ್ಲದ್ದು ಇದ್ದರೆ ಕೊಡಿ ಎಂದೆ. ಅಂಗಡಿಯವನು ಒಂದು ಬಾಟಲಿ ತೆಗೆದು ಟಪ್ ಎಂದು ಇಟ್ಟ. ಮೇಲೆ ಅಂಗೈಯಗಲ ಹಸಿರು ಎಲೆಯ ಚಿತ್ರ.

"ನೋಡಿ, ಎಲೆ ಇದೆ. ಎಲ್ಲ ಗಿಡದ್ದೇ."

"ಹಿಂದೆ ಏನಿದೆ ಓದು" ಎಂದಳು ಅತ್ತೆ ನನಗೆ. "ನೀನು ಓದಿದರೆ ಸಾಕು ನನಗೆ."

ಇರುವೆ ಸಾಲಿನಂಥ ಅಕ್ಷರ. ಕೊನೆಯ ಸಾಲಿನಲ್ಲಿ ಜೆಲಾಟಿನ್ ಎಂದಿತ್ತು, ಓದಿ ಹೇಳಿದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಇಲ್ಲಿ ತಿನ್ನೋದು ಬದನೆಕಾಯಿಯಾದರೂ ಆಗಿದ್ದರೆ ನಮಗೆ ಚಿಂತೆಯೇ ಇರಲಿಲ್ಲ!

ಅಂಗಡಿಯವನಿಗೆ ಒಂದಿಷ್ಟಾದರೂ ನಾಚಿಕೆಯಾಗಬೇಕೋ ಬೇಡವೋ? "ಅಯ್ಯೋ ಅಮ್ಮ, ಬರೀ ಚಿಪ್ಪು ತಾನೇ. ಔಷಧಿ ಒಳಗಿರೋದು. ಚಿಪ್ಪು ಅಂದ್ರೆ ಮೇಲೆ ಹಾಕ್ಕೊಂಡಿರೋ ಅಂಗಿ ಇದ್ದ ಹಾಗೆ, ಅದು ಲೆಕ್ಕಕ್ಕೇ ಇಲ್ಲ."

"ಅಂಗಿ ಲೆಕ್ಕಕ್ಕಿಲ್ವಾ?" ಎಂದಳು ಅತ್ತೆ. "ಹಾಗಾದ್ರೆ ಬಿಚ್ಚಿಟ್ಟು ಬೀದಿಗೆ ಬಾಪ್ಪ, ನೋಡೋಣ."

ಹಿಂದೆ ನಿಂತವರು ಗೊಳ್ಳೆಂದು ನಕ್ಕರು. ಅವನ ಮುಖ ಕೆಂಪಾಯಿತು. "ಇಷ್ಟೆಲ್ಲ ನೋಡೋರು ಔಷಧಿ ತಗೋಬಾರದು" ಎಂದು ಮುಂದಿನವರನ್ನು ಕರೆದ. ಕಾಯಿಲೆಯವಳನ್ನು ನೋಡಿ ಆಡುವ ಮಾತೇ ಅದು?

ಎರಡನೇ ಅಂಗಡಿಯಲ್ಲಿ "ಪೂರ್ತಿ ನೈಸರ್ಗಿಕ" ಎಂದು ಬರೆದ ಡಬ್ಬಿ ಕೊಟ್ಟರು. ತಿರುಗಿಸಿ ಓದಿದರೆ ದನದ ಲಿವರಿನ ಪುಡಿ! ದನ ನೈಸರ್ಗಿಕವೇ, ಇಲ್ಲವೆಂದವರು ಯಾರು? ಮೂರನೆಯವಳು ಮೀನೆಣ್ಣೆ ಬೆರೆತದ್ದನ್ನು ಮುಂದಿಟ್ಟು "ಮೀನೂ ಮಾಂಸನಾ?" ಎಂದು ಕಣ್ಣರಳಿಸಿದಳು. ನಾಲ್ಕನೆಯ ಅಂಗಡಿಗೆ ಹೋಗುವ ಹೊತ್ತಿಗೆ ನನ್ನ ಕಾಲು ಬಿದ್ದುಹೋಗಿತ್ತು, ತಾಳ್ಮೆಯೂ ಬಿದ್ದುಹೋಗಿತ್ತು. ಹೊರಗಿನಿಂದಲೇ ಇಣುಕಿ, "ಇಲ್ಲೂ ಇಲ್ಲ, ನಡಿ ಅತ್ತೆ" ಎಂದೆ. ನಾನು ಕೇಳಿರಲೇ ಇಲ್ಲ.

ಡಾಕ್ಟರಮ್ಮನ ಹತ್ತಿರ ಹೋದರೆ ಹೊರಗೆ ನಲವತ್ತು ಜನ. "ಯಾವುದಾದರೂ ಒಂದು ತಗೊಳ್ಳಿ, ಆದರೆ ತಗೊಳ್ಳಿ" ಎಂದು ತಲೆಯೆತ್ತದೆ ಹೇಳಿದರು. ಹೊಲಿಗೆ ಅಂಗಡಿಯಲ್ಲಿ ಮಾಸ್ಟರಿಗೆ ಇದೊಂದು ತಮಾಷೆಯಾಯಿತು. "ಅಲ್ಲಮ್ಮ, ದಿನಾ ಬೆಳಗಾದ್ರೆ ಮೂಳೆ ಗುಂಡಿ, ಕೊಂಬಿನ ಗುಂಡಿ ಹೊಲೀತೀಯ, ಒಂದು ಚಿಪ್ಪಿಗೆ ಇಷ್ಟು ರಾದ್ಧಾಂತನಾ?"

"ಹೊಲೀತೀನಿ ಮಾಸ್ಟರೇ, ನುಂಗಲ್ಲ" ಎಂದಳಂತೆ ಅತ್ತೆ.

ಇಷ್ಟರಲ್ಲಿ ಮೂರು ವಾರ ಕಳೆದಿತ್ತು. ನನಗೆ ಕೂತಲ್ಲಿ ನಿಂತಲ್ಲಿ ಡಾಕ್ಟರಮ್ಮನ ಮಾತೇ ಕೇಳಿಸುತ್ತಿತ್ತು. ಒಂದು ಸಂಜೆ ಅತ್ತೆ ಇಲ್ಲದಾಗ ಅಣ್ಣ ಹೇಳಿದ, "ನೀನ್ಯಾಕೆ ಒದ್ದಾಡ್ತೀಯ? ಕ್ಯಾಪ್ಸೂಲ್ ಬಿಚ್ಚಿ ಪುಡಿ ಹಾಲಿಗೆ ಹಾಕಿ ಕೊಡು. ಚಿಪ್ಪು ಬಿಸಾಕು. ಅವಳಿಗೆ ಹೇಳಬೇಡ, ಹೇಳಿದ್ರೆ ಪುಡಿ ಯಾವುದರದ್ದು, ಹಾಲು ಯಾವುದರದ್ದು ಅಂತ ಶುರು ಮಾಡ್ತಾಳೆ. ಮಕ್ಕಳಿಗೆ ಕೊಟ್ಟ ಹಾಗೆ ಕೊಟ್ಟುಬಿಡು."

ನಾನು ಬೇಡ ಎನ್ನಲಿಲ್ಲ. ಡಾಕ್ಟರು ಹೇಳಿದ್ದಾರೆ, ದಿನಾ ಒಂದು ಲೋಟ ಹಾಲು ಕುಡಿಯಲೇಬೇಕು ಎಂದು ಅತ್ತೆಗೆ ಸುಳ್ಳು ಹೇಳಿದೆ. ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ಕ್ಯಾಪ್ಸೂಲ್ ಬಿಚ್ಚುವುದು, ಪುಡಿಯನ್ನು ಕಾಗದದಲ್ಲಿ ಹಿಡಿದು ತರುವುದು, ಚಿಪ್ಪನ್ನು ಪರ್ಸಿನಲ್ಲಿಟ್ಟು ಬಸ್‌ಸ್ಟಾಪಿನ ಕಸದ ಬುಟ್ಟಿಗೆ ಎಸೆಯುವುದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ನಾನು ಕಣ್ಣು ಮುಚ್ಚಿಕೊಂಡು ಹಾಲು ಕುಡಿಸಿದೆ. ನನ್ನ ಕೆಲಸ ಏನು ಗೊತ್ತೇ? ಸ್ಕೂಲೊಂದರ ಆಫೀಸಿನಲ್ಲಿ ಗುಮಾಸ್ತೆ. ಅರ್ಜಿಯಲ್ಲಿ ಒಂದು ಕಾಲಂ ಮುಚ್ಚಿಟ್ಟರೂ ಹಿಡಿದು, "ಇದೇನಿದು, ಸರಿಯಾಗಿ ಬರೆದು ತನ್ನಿ" ಎಂದು ಜನರನ್ನು ವಾಪಸು ಅಟ್ಟುವವಳು. ಆ ಎರಡು ತಿಂಗಳೂ ಅಟ್ಟುತ್ತಲೇ ಇದ್ದೆ.

ಅಷ್ಟಾದರೂ ಆ ಪುಡಿ ಅವಳ ಹೊಟ್ಟೆಗೆ ಹೋಯಿತೇ? ಅದೂ ಇಲ್ಲ. ಹಾಲು ಸೇರದ ಅತ್ತೆ ಅರ್ಧ ಕುಡಿದು ಉಳಿದರ್ಧ ಪಕ್ಕದ ಮನೆಯ ಬೆಕ್ಕಿಗೆ ಹುಯ್ಯುತ್ತಿದ್ದಳೆಂದು ಆಮೇಲೆ ತಿಳಿಯಿತು. ಆ ಬೆಕ್ಕಿನ ನರಗಳಂತೂ ಕಬ್ಬಿಣದ ತಂತಿಯಾಗಿರಬೇಕು.

ಸಿಕ್ಕಿಬಿದ್ದದ್ದು ಅಣ್ಣನಿಂದ. ಆಫೀಸಿನ ಕೆಲಸಕ್ಕೆ ನಾನು ಒಂದು ದಿನ ಬೇರೆ ಊರಿಗೆ ಹೋಗಬೇಕಾಯಿತು. ಬಿಚ್ಚಿ ಹಾಕು ಎಂದು ನೂರು ಸಲ ಹೇಳಿ ಹೋಗಿದ್ದೆ. ಬಿಚ್ಚಲು ಅವನಿಗೆ ಸೋಮಾರಿತನ. ಬಿಸಿ ಹಾಲಲ್ಲವೇ, ತಾನೇ ಕರಗುತ್ತದೆ ಎಂದು ಇಡೀ ಕ್ಯಾಪ್ಸೂಲನ್ನು ಲೋಟಕ್ಕೆ ಹಾಕಿ ಕೈ ತೊಳೆದುಕೊಂಡ.

ಸಂಜೆ ನಾನು ಬರುವ ಹೊತ್ತಿಗೆ ಅಡಿಗೆಮನೆಯ ಮೇಜಿನ ಮೇಲೆ ಆ ಲೋಟ ಇತ್ತು, ಮೇಲೆ ಒಂದು ತಟ್ಟೆ ಮುಚ್ಚಿತ್ತು. ಅತ್ತೆ ಸ್ಟೂಲಿನ ಮೇಲೆ ಕೂತಿದ್ದಳು. ತಟ್ಟೆ ತೆಗೆದಳು. ಹಾಲಿನ ಅಂಚಿಗೆ ಅರ್ಧ ಕರಗಿದ ಚಿಪ್ಪು ಕೆಂಪಗೆ ಅಂಟಿಕೊಂಡಿತ್ತು.

"ಎಷ್ಟು ದಿನದಿಂದ?" ಎಂದಳು.

"ಅತ್ತೆ, ನಿನ್ನ ಕೈಗೋಸ್ಕರ..."

"ಎಷ್ಟು ದಿನದಿಂದ ಅಂತ ಕೇಳ್ದೆ."

"ಎರಡು ತಿಂಗಳು. ಆದರೆ ಚಿಪ್ಪು ಹಾಕಿಲ್ಲ ಅತ್ತೆ, ದೇವರಾಣೆಗೂ ಇಲ್ಲ! ಬರೀ ಪುಡಿ. ಇವತ್ತು ಅಣ್ಣ..."

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ.

"ಚಿಪ್ಪು ತೆಗೆದು ಪುಡಿ ತಗೋತೀಯಾ ಅತ್ತೆ ಅಂತ ನನ್ನನ್ನ ಒಂದು ಮಾತು ಕೇಳಿದ್ದರೆ, ನಾನೇ ಬಿಚ್ಚಿಕೊಂಡು ತಗೋತಿರಲಿಲ್ವೇನೇ?"

ಇಷ್ಟು ಸುಲಭದ ಮಾತು! ನಾಲ್ಕು ಅಂಗಡಿ, ಒಬ್ಬ ಡಾಕ್ಟರು, ಒಬ್ಬ ಮಾಸ್ಟರು, ನಾವಿಬ್ಬರು ಬುದ್ಧಿವಂತರು, ಒಬ್ಬರ ತಲೆಗೂ ಅವಳನ್ನೇ ಕೇಳೋಣ ಎಂದು ಹೊಳೆಯಲಿಲ್ಲ. ಅವಳು ಹಠ ಹಿಡಿದದ್ದು ಚಿಪ್ಪಿನ ಮೇಲೆ ಮಾತ್ರ. ಬೇರೆ ಎಲ್ಲ ಹಠವನ್ನು ಅವಳ ತಲೆಗೆ ಕಟ್ಟಿದವರು ನಾವು.

ಅಣ್ಣ ಬಂದವನೇ "ಅಷ್ಟಕ್ಕೆಲ್ಲ ಯಾಕತ್ತೆ ಮುಖ ಊದಿಸ್ಕೋತೀಯ, ನಿನ್ನ ಒಳ್ಳೇದಕ್ಕೇ ತಾನೇ" ಎಂದ. ಒಳ್ಳೇದಕ್ಕಂತೆ! ಯಾರಿಗೆ ಏನು ಮೋಸ ಮಾಡಿದರೂ ಕೊನೆಗೆ ಅದೊಂದು ಮಾತು ಸಿದ್ಧವಾಗಿರುತ್ತದೆ. ನಮ್ಮ ತಟ್ಟೆಗೆ ಅವಳು ಮೂವತ್ತು ವರ್ಷದಲ್ಲಿ ಒಂದು ದಿನ ನಮಗೆ ಗೊತ್ತಿಲ್ಲದ್ದನ್ನು ಹಾಕಿದ್ದಳೇ? ಅವತ್ತು ನಾನು ಅಣ್ಣನ ಮೇಲೆ ಹರಿಹಾಯ್ದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗಾಯಿತು, ಅವನು ಮಾಡಿದ್ದು ಒಂದು ದಿನ, ನಾನು ಅರವತ್ತು ದಿನ.

ಮಾರನೇ ದಿನದಿಂದ ಅತ್ತೆ ತನ್ನ ಅಡಿಗೆ ತಾನೇ ಬೇರೆ ಮಾಡಿಕೊಂಡಳು. ಕುಡಿಯುವ ನೀರನ್ನೂ ತಾನೇ ಹಿಡಿದು ತನ್ನ ಕೋಣೆಯಲ್ಲಿಟ್ಟುಕೊಂಡಳು. ನಮ್ಮೊಡನೆ ಮಾತು ಬಿಡಲಿಲ್ಲ, ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಬಂದ್ಯಾ", "ಊಟ ಆಯ್ತಾ" ಎಂದು ಕೇಳುವಳು, ನಾನು ಕೊಟ್ಟ ಕಾಫಿ ಮಾತ್ರ ಮುಟ್ಟಳು. ಔಷಧಿಯ ಮಾತೆತ್ತಿದರೆ ಎದ್ದು ಹೋಗುವಳು. ಇಂಜೆಕ್ಷನ್ನಾದರೂ ಹಾಕಿಸಿಕೋ ಎಂದು ಕಾಲು ಹಿಡಿದೆ. "ಸೂಜಿಯೊಳಗೆ ಏನಿದೆ ಅಂತ ಯಾರು ಹೇಳೋರು? ನೀನೇ ತಾನೇ?" ಎಂದಳು.

ಹೀಗೆ ಏಳು ತಿಂಗಳು. ಮೊದಲು ಬೆರಳ ತುದಿ, ಆಮೇಲೆ ಬೆರಳು, ಆಮೇಲೆ ಅಂಗಾಲು. ಕಾಜಾದ ದಾರ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಮಾಸ್ಟರು ಎರಡು ಕೋಟು ವಾಪಸು ಬಂದದ್ದನ್ನು ಅವಳಿಗೆ ಹೇಳದೆ ತಾವೇ ಬಿಚ್ಚಿ ಯಂತ್ರಕ್ಕೆ ಹಾಕಿದರಂತೆ. ಎಲ್ಲರೂ ಅವಳ ಒಳ್ಳೇದಕ್ಕೆ ಮುಚ್ಚಿಡುವವರೇ! ಅತ್ತೆಗೆ ಅದೂ ಗೊತ್ತಾಗಿ, ಒಂದು ದಿನ ತಾನಾಗಿಯೇ ಸೂಜಿ ಡಬ್ಬಿ ಎತ್ತಿಕೊಂಡು ಮನೆಗೆ ಬಂದಳು.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ನಾನು ಹೊರಟೆ. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಾಟಲಿಗಳ ಮೇಲಿನ ನಂಬರಿಗೆಲ್ಲ ಫೋನ್ ಮಾಡಿದೆ. ನಿಮ್ಮ ಬಿ ಟ್ವೆಲ್ವ್ ಯಾವುದರಿಂದ ಮಾಡುತ್ತೀರಿ, ಚಿಪ್ಪು ಯಾವುದರದ್ದು, ಬರೆದು ಕೊಡಿ ಎಂದೆ. ಕೆಲವರು ನಕ್ಕರು, ಕೆಲವರು ಇಟ್ಟುಬಿಟ್ಟರು. ಒಂಬತ್ತನೆಯ ಕಂಪನಿಯವರು ಬರೆದೇ ಕಳಿಸಿದರು. ಅವರದು ಕ್ಯಾಪ್ಸೂಲ್ ಅಲ್ಲ, ನಾಲಿಗೆ ಕೆಳಗಿಡುವ ಪುಟ್ಟ ಮಾತ್ರೆ. ಚಿಪ್ಪೇ ಇಲ್ಲ. ವಿಟಮಿನ್ನನ್ನು ದೊಡ್ಡ ಹಂಡೆಗಳಲ್ಲಿ ಸೂಕ್ಷ್ಮಾಣು ಬೆಳೆಸಿ ತೆಗೆಯುತ್ತಾರೆ, ಮಾತ್ರೆ ಗಟ್ಟಿಯಾಗಲು ಹಾಕುವುದು ಮರದ ನಾರಿನ ಪುಡಿ. ಯಾವ ಪ್ರಾಣಿಯೂ ಇಲ್ಲ. ಇದು ಎಲ್ಲಿ ಸಿಗುತ್ತದೆ ಎಂದರೆ ನಮ್ಮ ಬೀದಿ ಕೊನೆಯ ಅಂಗಡಿಯ ವಿಳಾಸವನ್ನೇ ಹೇಳಿದರು.

ಓಡಿದೆ. ಅದೇ ಅಂಗಡಿಯವನು ಬಗ್ಗಿ ಕೆಳಗಿನ ಅರೆಯಿಂದ ಒಂದು ಬಾಟಲಿ ತೆಗೆದು ಧೂಳು ಊದಿದ. "ಓ, ಇದಾ? ಇದು ಆಗಿನಿಂದ್ಲೂ ಇದೆ. ಯಾರೂ ಕೇಳಲ್ಲ."

"ಕೇಳಿದ್ವಲ್ರೀ!" ಎಂದು ಕಿರುಚಿದೆ. "ಇಲ್ಲೇ ನಿಂತು ಕೇಳಿದ್ವಲ್ಲ! ಎಲೆ ತೋರಿಸೋ ಬದಲು ಆವತ್ತೇ ಒಂದು ಸಲ ಬಗ್ಗಿದ್ರೆ ನಿಮ್ಮ ಸೊಂಟ ಮುರೀತಿತ್ತಾ?" ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ಕೂಗಿ ಗಂಟಲು ಕಟ್ಟಿದ ಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವನಿಗೆ ಬೈದದ್ದರಲ್ಲಿ ಅರ್ಧ ನನಗೇ ಬೈದುಕೊಂಡದ್ದು.

ಬಾಟಲಿ, ಕಂಪನಿಯವರು ಬರೆದು ಕಳಿಸಿದ ಕಾಗದ ಎರಡನ್ನೂ ಅತ್ತೆಯ ಮುಂದಿಟ್ಟೆ. ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಒಂದು ಅಕ್ಷರ ಬಿಡಲಿಲ್ಲ. ಪೂರ್ತಿ ಕೇಳಿದಳು.

"ಇರಲಿ, ಇಡು" ಎಂದಳು ಅಷ್ಟೇ. ನಾಲ್ಕು ದಿನ ಅದು ಅಲ್ಲೇ ಇತ್ತು.

ಐದನೇ ದಿನ ಬೆಳಿಗ್ಗೆ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಹೊರಟಳು. ಅಂಗಾಲಿಗೆ ನೆಲ ತಿಳಿಯದೆ ನಡಿಗೆ ತೂರಾಡುತ್ತಿತ್ತು, ಹಾಗಾಗಿ ನಾನೂ ಹಿಂದೆ ಹೋದೆ. ಬೇಡ ಎನ್ನಲಿಲ್ಲ. ಬಸ್‌ಸ್ಟಾಪಿನಲ್ಲಿ ಯಾರೋ ಒಬ್ಬಳು ಕೈಚೀಲ ಹಿಡಿದು ನಿಂತಿದ್ದಳು, ಕನ್ನಡಕ ಹಾಕಿದ್ದಳು. ನಾವು ಎಂದೂ ಕಂಡವಳಲ್ಲ.

"ತಾಯೀ, ಇದರ ಮೇಲೆ ಏನೇನು ಬರೆದಿದೆ, ಎಲ್ಲ ಓದಿ ಹೇಳ್ತೀಯಾ? ಸಣ್ಣ ಅಕ್ಷರನೂ."

ಅವಳು ಪಾಪ, ಬಸ್ಸು ಬಿಟ್ಟು ಓದಿದಳು. ನಾನು ಓದಿದ್ದನ್ನೇ ಓದಿದಳು, ಅದೇ ಸಾಲುಗಳು, ಅದೇ ಕ್ರಮದಲ್ಲಿ. ಅತ್ತೆ ಮುಚ್ಚಳ ತಿರುಗಿಸಲು ನೋಡಿದಳು, ಬೆರಳಿಗೆ ಹಿಡಿತ ಸಿಗಲಿಲ್ಲ. ಅದನ್ನೂ ಆ ಕನ್ನಡಕದವಳ ಕೈಗೇ ಕೊಟ್ಟು ತೆಗೆಸಿಕೊಂಡಳು. ಒಂದು ಮಾತ್ರೆ ನಾಲಿಗೆಯ ಕೆಳಗಿಟ್ಟುಕೊಂಡಳು.

ಅದರ ಮೇಲೆ ಒಂದು ವರ್ಷವಾಯಿತು. ಈಗ ಅತ್ತೆಯ ನಡಿಗೆ ನೆಟ್ಟಗಾಗಿದೆ, ಎಡಗೈಯೂ ಸರಿಹೋಗಿದೆ. ಬಲಗೈಯ ಹೆಬ್ಬೆರಳು, ತೋರುಬೆರಳು ಮಾತ್ರ ಬರಲಿಲ್ಲ, ಇನ್ನು ಬರುವುದೂ ಇಲ್ಲ ಎಂದಿದ್ದಾರೆ ಡಾಕ್ಟರಮ್ಮ. ಕಾಜಾ ಹಾಕುವ ಬೆರಳು ಅವೆರಡೇ. ಅಡಿಗೆ ಮತ್ತೆ ಒಂದೇ ಒಲೆಯ ಮೇಲೆ ಆಗುತ್ತಿದೆ, ನಾನು ಕೊಟ್ಟ ಕಾಫಿ ಕುಡಿಯುತ್ತಾಳೆ. ಆದರೆ ತಿಂಗಳಿಗೊಮ್ಮೆ ಹೊಸ ಬಾಟಲಿ ತಂದಾಗ ಈಗಲೂ ಬಸ್‌ಸ್ಟಾಪಿಗೆ ಹೋಗುತ್ತಾಳೆ, ಸಿಕ್ಕಿದವರ ಕೈಯಲ್ಲಿ ಓದಿಸುತ್ತಾಳೆ, ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ಹೋದ ವಾರ ಓದಿಕೊಟ್ಟ ಹುಡುಗಿ ಸ್ವಲ್ಪ ಚುರುಕು. ಬಾಟಲಿ ವಾಪಸು ಕೊಡುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ ಅತ್ತೆಯನ್ನು ಕೇಳಿದಳು, "ಇವರು ನಿಮ್ಮ ಜೊತೆ ಬಂದೋರಲ್ವಾ ಅಜ್ಜಿ? ಇವರಿಗೆ ಓದೋಕೆ ಬರಲ್ವಾ?"

"ಬರುತ್ತಮ್ಮ" ಎಂದಳು ಅತ್ತೆ. "ನಾನೇ ಓದಿಸಿದ್ದು."